ಪುಣೆಗೆ ಬೇಕಿರುವುದು ನೇರ ವಿಮಾನವಲ್ಲ, ಒಂದೇ ಟಿಕೆಟ್

ಬೆಂಗಳೂರಿನ ನೆಂಟರು ಆಗಾಗ ಕೇಳುತ್ತಾರೆ, ನಿಮ್ಮ ಪುಣೆಯಲ್ಲೂ ಅಷ್ಟೊಂದು ಐಟಿ ಕಂಪನಿಗಳಿವೆಯಲ್ಲ, ನಮ್ಮ ಹಾಗೆ ಫ್ರಾಂಕ್‌ಫರ್ಟಿಗೆ ನೇರ ವಿಮಾನ ಯಾಕಿಲ್ಲ ಅಂತ. ಅವರಿಗೆ 2008ರಲ್ಲೇ ದೇವನಹಳ್ಳಿ ನಿಲ್ದಾಣ ಬಂತು. ನಮ್ಮದು ಇನ್ನೂ ಲೋಹಗಾಂವ್‌ನಲ್ಲಿ ವಾಯುಪಡೆಯ ರನ್‌ವೇ ಮೇಲೇ ನಡೆಯುತ್ತಿದೆ. ಹಾಗಾಗಿ ಯುರೋಪ್, ಅಮೆರಿಕ ಅಂದರೆ ಇಲ್ಲಿನವರು ಟ್ಯಾಕ್ಸಿ ಹಿಡಿದು ಖಂಡಾಲಾ ಘಾಟಿ ಇಳಿದು ಮುಂಬೈಗೆ ಹೋಗುತ್ತಾರೆ.

ನನಗೆ ಈ ಪದ್ಧತಿ ಸರಿ ಕಾಣುವುದಿಲ್ಲ. ಹಾಗಂತ ನೇರ ವಿಮಾನವೇ ಬೇಕು ಅಂತ ಹಟ ಹಿಡಿಯುವುದೂ ಸರಿಯಲ್ಲ.

ಅಮೆರಿಕ 1978ರಲ್ಲೇ ದೇಶದೊಳಗಿನ ವಿಮಾನಗಳ ದರ, ಮಾರ್ಗಗಳ ಮೇಲಿನ ಹಿಡಿತ ಬಿಟ್ಟಿತು. ನಮ್ಮಲ್ಲಿ ವಿಮಾನಯಾನವನ್ನು ಸರ್ಕಾರಿ ಕಂಪನಿಗಳಿಗಷ್ಟೇ ಬಿಟ್ಟಿದ್ದ ಹಳೇ ಕಾಯ್ದೆ ರದ್ದಾಗಿದ್ದು 1994ರಲ್ಲಿ. ಆದರೆ ಗಡಿ ದಾಟಬೇಕಾದರೆ ಜಾಸ್ತಿ ಕಡೆ ಇವತ್ತಿಗೂ ಪುಣೆ–ಬೆಳಗಾವಿ ಬಸ್ಸಿನ ಲೆಕ್ಕವೇ: ಎರಡು ಸರ್ಕಾರಗಳು ಕೂತು ನಿಮ್ಮದಿಷ್ಟು, ನಮ್ಮದಿಷ್ಟು ಅಂತ ಒಪ್ಪಂದ ಮಾಡಿಕೊಳ್ಳಬೇಕು. ಬೇರೆ ದೇಶದ ಕಂಪನಿಯನ್ನು ಕೊಂಡುಕೊಳ್ಳೋಣ ಅಂದರೆ ಅದಕ್ಕೂ ಮಿತಿ ಇದೆ, ಅಮೆರಿಕದಲ್ಲಿ ಹೊರಗಿನವರಿಗೆ ಮತದ ಹಕ್ಕಿರುವ ಷೇರು ಶೇ. 25 ದಾಟುವಂತಿಲ್ಲ. ಕೊಳ್ಳಲಾಗದ ಕಂಪನಿಗಳು ಕೈ ಜೋಡಿಸಿದವು. ಲುಫ್ತಾನ್ಸಾ, ಯುನೈಟೆಡ್, ಏರ್ ಕೆನಡಾ, ಥಾಯ್, ಎಸ್‌ಎಎಸ್ ಸೇರಿ 1997ರಲ್ಲಿ ಸ್ಟಾರ್ ಅಲಯನ್ಸ್ ಕಟ್ಟಿದವು, ಅಂದರೆ ಒಂದೇ ಟಿಕೆಟ್‌ನಲ್ಲಿ ಒಬ್ಬರ ವಿಮಾನ ಇಳಿದು ಇನ್ನೊಬ್ಬರದು ಹತ್ತಬಹುದಾದ ಕೂಟ. 2014ರಲ್ಲಿ ಏರ್ ಇಂಡಿಯಾ ಕೂಡ ಸೇರಿತು.

ಇದರ ನಿಜವಾದ ಲಾಭ ಪುಣೆಯಂಥ ಊರಿಗೇ. ಮಗನ ಮನೆಗೆ ಶಿಕಾಗೋಗೆ ಹೊರಟ ಕೊಥ್ರೂಡ್‌ನ ಅಮ್ಮ ಲೋಹಗಾಂವ್ ಕೌಂಟರಿನಲ್ಲಿ ಸೂಟ್‌ಕೇಸ್ ಕೊಟ್ಟರೆ, ಅದಕ್ಕೆ ಅಂಟಿಸುವ ಪಟ್ಟಿಯಲ್ಲೇ ದೆಹಲಿ, ಫ್ರಾಂಕ್‌ಫರ್ಟ್, ಶಿಕಾಗೋ ಮೂರೂ ಇರುತ್ತವೆ. ಶಿಕಾಗೋದಲ್ಲಿ ಇಳಿಯುವ ತನಕ ಅವರು ಅದನ್ನು ಎತ್ತಬೇಕಾಗಿಲ್ಲ. (ವಾಪಸ್ ಬರುವಾಗ ಮಾತ್ರ ದೆಹಲಿಯಲ್ಲೇ ಸಾಮಾನು ತಗೊಂಡು, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕು, ವಯಸ್ಸಾದವರಿಗೆ ಅದು ನಿಜಕ್ಕೂ ಕಷ್ಟ.) ದೆಹಲಿ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಬೇರೆ ವಿಮಾನ ಹತ್ತಿಸುವುದು ಕಂಪನಿಯ ಹೊಣೆ. ಘಾಟಿಯಲ್ಲಿ ಲಾರಿ ಮಗುಚಿ ವಿಮಾನ ತಪ್ಪಿದರೆ ಯಾರನ್ನು ಕೇಳೋದು?

ಕಂಪನಿಗಳು ಕೂಡಿಕೊಂಡರೆ ದರವನ್ನೂ ಕೂಡಿಯೇ ಇಡುತ್ತಾರೆ ಅನ್ನುವ ಆತಂಕ ನಿಜ. ನೆದರ್‌ಲ್ಯಾಂಡ್ಸ್‌ನ ಕೆಎಲ್‌ಎಂ ಮತ್ತು ಅಮೆರಿಕದ ನಾರ್ತ್‌ವೆಸ್ಟ್ ವಿಮಾನ ಕಂಪನಿಗಳಿಗೆ 1993ರಲ್ಲೇ ಅಮೆರಿಕ ಸರ್ಕಾರ ಹಾಗೆ ಮಾಡಲು ಅನುಮತಿ ಕೊಟ್ಟಿತ್ತು. ಅದೇ ಮಾರ್ಗದಲ್ಲಿ ಇನ್ನೊಂದು ಕೂಟವೂ ಪೈಪೋಟಿಗೆ ಇದ್ದರೆ ಮಾತ್ರ ನಾನು ಇದನ್ನು ಒಪ್ಪುತ್ತೇನೆ.

ಯುರೋಪಿನ ಎಷ್ಟೋ ವಿಮಾನಗಳು ದೆಹಲಿಯಿಂದ ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಲೋಹಗಾಂವ್‌ನಿಂದ ಸಂಜೆ ಅದಕ್ಕೆ ಹೊಂದುವ ವಿಮಾನಗಳನ್ನು, ಒಂದೇ ಟಿಕೆಟ್‌ನಲ್ಲಿ, ಟ್ಯಾಕ್ಸಿ ಖರ್ಚು ಸೇರಿಸಿದರೆ ಗಿಟ್ಟುವ ದರಕ್ಕೆ ಕೊಡಿ ಅಂತ ಪುಣೆಯವರು ಮೊದಲು ಕೇಳಬೇಕು.