ಕೆಂದ ಕಡಸು ಮತ್ತು ದೊಡ್ಡಪ್ಪನ ತೆಂಗಿನ ಸಸಿ

ಮೊನ್ನೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ದೊಡ್ಡಪ್ಪನ ಮಗ ಮತ್ತೆ ಆ ಕೆಂದ ಕಡಸಿನ ವಿಡಿಯೋ ಹಾಕಿದ. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್‌ನಿಂದ ಐದು ಕೆಂಪು ಕಡಸುಗಳನ್ನು ವಿಮಾನದಲ್ಲಿ ಇಸ್ರೇಲಿಗೆ ತಂದರಲ್ಲ, ಅದೇ. ಹಳೇ ವಿಡಿಯೋ. ಆದರೂ ಅಲ್ಲಿ ಬಾಂಬು ಬಿದ್ದಾಗಲೆಲ್ಲ ಇಲ್ಲಿ ಹೊಸದಾಗಿ ಹುಟ್ಟಿಬರುತ್ತದೆ. ಕೆಳಗೆ ಅಣ್ಣ ಬರೆದಿದ್ದ: "ಅರಣ್ಯಕಾಂಡ 19 ನೆರವೇರ್ತಾ ಇದೆ. ದೇವಾಲಯ ಏಳ್ತದೆ. ಕರ್ತನ ಬರೋಣ ಹತ್ತಿರ. ಸ್ತೋತ್ರ." ಹನ್ನೊಂದು ಜನ ಕೈಮುಗಿದರು.

ಕಡಸಿನ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಬೈಬಲಿನ ಅರಣ್ಯಕಾಂಡ ಎಂಬ ಪುಸ್ತಕದ 19ನೇ ಅಧ್ಯಾಯ ಹೇಳುವ ಈ ಕಡಸಿಗೆ ಒಮ್ಮೆಯೂ ನೊಗ ಹೂಡಿರಬಾರದು. ಯಹೂದಿ ಧರ್ಮಶಾಸ್ತ್ರದ ಪ್ರಕಾರ ಮೈಮೇಲೆ ಬೇರೆ ಬಣ್ಣದ ಎರಡು ಕೂದಲು ಒಟ್ಟಿಗೆ ಕಂಡರೂ ಅದು ಲೆಕ್ಕಕ್ಕಿಲ್ಲ. ಸುಟ್ಟ ಬೂದಿಯನ್ನು ನೀರಿಗೆ ಬೆರೆಸಿ ಚಿಮುಕಿಸಿದರೆ ಹೆಣ ಮುಟ್ಟಿದ ಮೈಲಿಗೆ ಕಳೆಯುತ್ತದೆ. ಆ ಶುದ್ಧಿ ಇಲ್ಲದೆ ಜೆರುಸಲೇಮಿನ ದೇವಾಲಯದ ಸೇವೆ ನಡೆಯುವುದಿಲ್ಲ. ಮೋಶೆಯ ಕಾಲದಿಂದ ಎರಡನೇ ದೇವಾಲಯ ಬೀಳುವವರೆಗೆ ಇಂಥ ಹಸು ಆದದ್ದು ಒಂಬತ್ತೇ, ಹತ್ತನೆಯದನ್ನು ಬರಲಿರುವ ರಕ್ಷಕ ಮೆಸ್ಸೀಯನೇ ಮಾಡುತ್ತಾನೆ ಎಂದು 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್ ಬರೆದಿಟ್ಟಿದ್ದಾರೆ. ಆ ಹತ್ತನೆಯದನ್ನು ಟೆಕ್ಸಾಸ್‌ನವರು ಸಾಕಿ ಕಳಿಸಿದ್ದಾರೆ ಎಂಬುದು ಅಣ್ಣನ ನಂಬಿಕೆ.

ನಾನು ಇದನ್ನು ಹೊರಗೆ ನಿಂತು ಗೇಲಿ ಮಾಡುತ್ತಿಲ್ಲ. ನಮ್ಮದು ಉಡುಪಿ ಕಡೆಯ, ಬಾಸೆಲ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಸಭೆಯ ಮನೆತನ. ಸಂಡೇ ಸ್ಕೂಲಿನಲ್ಲಿ ಪ್ರವಾದಿ ಯೆಹೆಜ್ಕೇಲನ ಒಣ ಎಲುಬುಗಳ ಕಣಿವೆಯನ್ನು ಬಾಯಿಪಾಠ ಒಪ್ಪಿಸಿ ಸ್ಟೀಲ್ ಲೋಟ ಬಹುಮಾನ ತಂದವನು ನಾನು. ಇವತ್ತಿಗೂ ಆ 37ನೇ ಅಧ್ಯಾಯ ಓದಿದರೆ ಮೈ ಜುಮ್ಮೆನ್ನುತ್ತದೆ. ಜೆರುಸಲೇಮಿನ ಯಾದ್ ವಾಶೆಮ್, ಅಂದರೆ ನಾಜಿಗಳು ಕೊಂದ ಯಹೂದಿಗಳ ಸ್ಮಾರಕದಿಂದ ಹೊರಬರುವ ದಾರಿಯ ಕಮಾನಿನ ಮೇಲೆ ಕೆತ್ತಿರುವುದು ಅದೇ ಅಧ್ಯಾಯದ ಮಾತು: ನಿಮ್ಮೊಳಗೆ ನನ್ನ ಉಸಿರು ತುಂಬುವೆನು, ನೀವು ಬದುಕುವಿರಿ, ನಿಮ್ಮ ನೆಲದಲ್ಲಿ ನಿಮ್ಮನ್ನು ನೆಲೆಗೊಳಿಸುವೆನು. ಅರವತ್ತು ಲಕ್ಷ ಜನ ಬೂದಿಯಾದ ಮೇಲೆ ಉಳಿದವರು ಆ ವಾಕ್ಯವನ್ನು ಎದೆಗೊತ್ತಿಕೊಂಡರೆ ಯಾರು ಬೇಡ ಅಂದಾರು? 1939ರಲ್ಲಿ ಲೋಕದಲ್ಲಿದ್ದ ಯಹೂದಿಗಳು ಸುಮಾರು 1.66 ಕೋಟಿ. ಇವತ್ತಿಗೂ ಆ ಸಂಖ್ಯೆ ಮುಟ್ಟಿಲ್ಲ.

ನನ್ನ ತಕರಾರು ಆ ವಾಕ್ಯದ ಮೇಲಲ್ಲ, ಅದನ್ನು ಇಟ್ಟುಕೊಂಡು ಲೆಕ್ಕ ಹಾಕುವವರ ಮೇಲೆ.

1988. ನನಗಾಗ ಹನ್ನೆರಡು ವರ್ಷ. ಎಲ್ಲಿಂದಲೋ ಬಂದ ಬೋಧಕರೊಬ್ಬರು ನಮ್ಮೂರಲ್ಲಿ ಮೂರು ದಿನದ ಕೂಟ ನಡೆಸಿದರು. ಎರಡು ಕಿಟಕಿಯ ಸರಳುಗಳಿಗೆ ಬಿಗಿದು ಕಟ್ಟಿದ ಉದ್ದನೆಯ ಬಟ್ಟೆ. ಅದರ ಮೇಲೆ ಲೋಕದ ಆರಂಭದಿಂದ ಅಂತ್ಯದವರೆಗಿನ ನಕ್ಷೆ. ಏಳು ವರ್ಷದ ಮಹಾಸಂಕಟಕ್ಕೆ ಕೆಂಪು ಬಣ್ಣ, ಸಭೆ, ಅಂದರೆ ನಂಬಿದವರೆಲ್ಲ, ಮೇಲಕ್ಕೆ ಎತ್ತಲ್ಪಡುವ ಜಾಗದಲ್ಲಿ ಬಾಣದ ಗುರುತು. ಫ್ಯಾನಿನ ಗಾಳಿಗೆ ಮಹಾಸಂಕಟ ಪಟಪಟ ಹೊಡೆದುಕೊಳ್ಳುತ್ತಿತ್ತು. ಅವರು ಬೆತ್ತ ಹಿಡಿದು ವಿವರಿಸಿದರು. ಮತ್ತಾಯ 24ರಲ್ಲಿ ಯೇಸು ಹೇಳಿದ ಅಂಜೂರದ ಮರವೇ ಇಸ್ರೇಲ್. ಅದು ಚಿಗುರಿದ್ದು 1948ರಲ್ಲಿ. ಈ ಸಂತತಿ ಅಳಿಯುವ ಮೊದಲು ಎಲ್ಲವೂ ಆಗಬೇಕು. ಸಂತತಿ ಅಂದರೆ ನಲವತ್ತು ವರ್ಷ. "ಕೂಡಿಸಿ ನೋಡಿ ಸಹೋದರರೇ!"

ನಾವು ಕೂಡಿಸಿದೆವು. ನಾಲ್ಕನೇ ಕ್ಲಾಸಿನವನಿಗೂ ಬರುವ ಲೆಕ್ಕ.

ದೊಡ್ಡಪ್ಪ ಆಗಷ್ಟೇ ನರ್ಸರಿಯಿಂದ ಇಪ್ಪತ್ತೈದು ತೆಂಗಿನ ಸಸಿ ತಂದಿದ್ದರು. ಗುಂಡಿಯೂ ತೋಡಿಸಿ ಆಗಿತ್ತು. ಕೂಟ ಮುಗಿಸಿ ಬಂದವರು, "ಯಾರಿಗೆ ಅಂತ ನೆಡುವುದು?" ಎಂದು ಕೂತುಬಿಟ್ಟರು. ಸಸಿಗಳು ಬಚ್ಚಲಿನ ಹಿಂದೆ ಬಿದ್ದಿದ್ದವು. ಮುಖ ತೊಳೆದ ನೀರು ಹರಿದು ಹೇಗೋ ಸಾಯದೆ ಉಳಿದವು. ಮರುವರ್ಷದ ಮಳೆಗೆ ದೊಡ್ಡಮ್ಮ ಒಬ್ಬರೇ ಸೆರಗು ಸಿಕ್ಕಿಸಿಕೊಂಡು, ಉಳಿದ ಹದಿನೆಂಟನ್ನು ನೆಟ್ಟರು. ದೊಡ್ಡಪ್ಪ ಗೊಣಗಿದ್ದಕ್ಕೆ ಅವರು ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ: "ಕರ್ತ ಬಂದ್ರೆ ಒಂದು ಬೊಂಡ ಕೊಡ್ಲಿಕ್ಕಾದ್ರೂ ಮರ ಬೇಡ್ವಾ?"

ಬಹಳ ವರ್ಷದ ಮೇಲೆ ಗೊತ್ತಾಯಿತು, ಹೆಚ್ಚುಕಡಿಮೆ ಇದೇ ಮಾತನ್ನು ಒಂದನೇ ಶತಮಾನದಲ್ಲಿ ಯೋಹಾನಾನ್ ಬೆನ್ ಝಕ್ಕಾಯ್ ಎಂಬ ರಬ್ಬಿ ಹೇಳಿದ್ದರು ಎಂದು. ನಿನ್ನ ಕೈಯಲ್ಲಿ ಸಸಿ ಇರುವಾಗ ಮೆಸ್ಸೀಯ ಬಂದ ಎಂದು ಯಾರಾದರೂ ಕೂಗಿದರೆ, ಮೊದಲು ಸಸಿ ನೆಡು, ಆಮೇಲೆ ಹೋಗಿ ಅವನನ್ನು ಎದುರುಗೊಳ್ಳು. ರೋಮಿನ ಸೈನ್ಯ ಜೆರುಸಲೇಮನ್ನು ಮುತ್ತಿದ್ದನ್ನು ಕಣ್ಣಾರೆ ಕಂಡವರ ಮಾತಿದು.

ಲೆಕ್ಕ ಯಾವತ್ತೂ ತಪ್ಪುತ್ತದೆ ಅಂತ ಹೇಳಿ ಕೈತೊಳೆದುಕೊಳ್ಳುವಷ್ಟು ಸುಲಭವೂ ಅಲ್ಲ ಇದು. ವಿಲಿಯಂ ಹೆಕ್ಲರ್ ಅಂತ ಒಬ್ಬ ಪಾದ್ರಿ ಇದ್ದರು. ಹುಟ್ಟಿದ್ದು ನಮ್ಮ ಕಾಶಿಯಲ್ಲಿ, 1845ರಲ್ಲಿ, ಜರ್ಮನ್ ಮಿಷನರಿಯ ಮಗನಾಗಿ. ಮುಂದೆ ವಿಯೆನ್ನಾದ ಬ್ರಿಟಿಷ್ ರಾಯಭಾರ ಕಚೇರಿಯ ಪಾದ್ರಿಯಾದರು. ಅವರ ಲೆಕ್ಕ ಹೀಗೆ: ಖಲೀಫ ಉಮರ್ ಜೆರುಸಲೇಮನ್ನು ತೆಗೆದುಕೊಂಡದ್ದು 637ರಲ್ಲಿ. ಬೈಬಲಿನ ಕೊನೆಯದಾದ ಪ್ರಕಟನೆ ಪುಸ್ತಕದ ನಲವತ್ತೆರಡು ತಿಂಗಳನ್ನು, ದಿನಕ್ಕೊಂದು ವರ್ಷದಂತೆ, 1260 ವರ್ಷ ಎಂದು ಹಿಡಿದು ಕೂಡಿಸಿದರೆ 1897, ಆ ನಾಡು ಯಹೂದಿಗಳಿಗೆ ಮರಳುವ ಕಾಲ. 1896ರ ಮಾರ್ಚಿನಲ್ಲಿ ಅವರು, ಯಹೂದಿಗಳಿಗೆ ಸ್ವಂತ ದೇಶ ಬೇಕೆಂದು ಹೊರಟಿದ್ದ ಥಿಯೋಡರ್ ಹರ್ಜ಼್ಲ್ ಮನೆ ಬಾಗಿಲಿಗೆ ಹೋದರು. ನಂತರ ಹರ್ಜ಼್ಲ್ ಇವರ ಮನೆಗೆ ಬಂದಾಗ ನೆಲದಿಂದ ಅಟ್ಟದವರೆಗೂ ಬೈಬಲ್‌ಗಳು. ಹೆಕ್ಲರ್ ಪ್ಯಾಲೆಸ್ಟೈನಿನ ದೊಡ್ಡ ಭೂಪಟವನ್ನು ನೆಲಕ್ಕೆ ಹಾಸಿ, ಹೊಸ ದೇವಾಲಯ ಬರಬೇಕಾದ್ದು ಇಲ್ಲಿ ಎಂದು ಬೆರಳಿಟ್ಟು ತೋರಿಸಿದರು. ಹರ್ಜ಼್ಲ್‌ಗೆ ಒಳಗೊಳಗೇ ನಗು. ಆದರೆ ಈ ಪಾದ್ರಿಗೆ ಜರ್ಮನಿಯ ಬಾಡೆನ್‌ನ ದೊರೆಯ ಪರಿಚಯ ಇದೆ ಎಂದು ತಿಳಿದ ಮೇಲೆ ನಗು ನುಂಗಿಕೊಂಡರು. 1897ರ ಆಗಸ್ಟಿನಲ್ಲಿ ಆ ಸ್ವಂತ ದೇಶಕ್ಕಾಗಿ ಮೊದಲ ಜಿಯೋನಿಸ್ಟ್ ಸಮ್ಮೇಳನ ನಡೆಯಿತು. ಎಲ್ಲಿ? ನಮಗೆ ಮೋಗ್ಲಿಂಗ್, ಕಿಟ್ಟೆಲ್ ಅವರನ್ನು ಕಳಿಸಿದ ಅದೇ ಬಾಸೆಲ್ ಊರಿನಲ್ಲಿ.

ಹೆಕ್ಲರ್ ಲೆಕ್ಕ ತಾಳೆಯಾಯಿತು ಅಂತ ಅಣ್ಣ ಹೇಳುತ್ತಾನೆ. ನಾನು ಹೇಳುವುದು, ಹೆಕ್ಲರ್ ಲೆಕ್ಕ ಹಾಕಿ ಸುಮ್ಮನೆ ಆಕಾಶ ನೋಡುತ್ತ ಕೂರಲಿಲ್ಲ, ದೊರೆಗಳ ಬಾಗಿಲು ಬಡಿದರು. ಪ್ರವಾದನೆ ನಂಬಿದವರೇ ಓಡಾಡಿ ಅದನ್ನು ನಡೆಸುತ್ತಾರೆ. ಅದಕ್ಕೇ ಇದು ಬರೀ ಹುಚ್ಚಾಟ ಎಂದು ತಳ್ಳಿಹಾಕುವಂತಿಲ್ಲ. ಕಡಸನ್ನು ವಿಮಾನ ಹತ್ತಿಸಿದವರೂ ಅದೇ ಜಾತಿಯವರು.

ಇನ್ನೊಂದು ವಿಷಯ ಕನ್ನಡಿಗರಿಗೆ ಗೊತ್ತಿರಲೇಬೇಕು. ಕಡೇ ಯುದ್ಧ ನಡೆಯುವ ಜಾಗಕ್ಕೆ ಪ್ರಕಟನೆ ಪುಸ್ತಕದಲ್ಲಿ ಹರ್ಮಗೆದೋನ್ ಎಂದು ಹೆಸರು. ಮೆಗಿದ್ದೋ ಬೆಟ್ಟ ಎಂದು ಅರ್ಥ. 1918ರ ಸೆಪ್ಟೆಂಬರಿನಲ್ಲಿ ಜನರಲ್ ಅಲೆನ್‌ಬಿ ತುರ್ಕರ ಮೇಲೆ ಗೆದ್ದ ಕದನದ ಹೆಸರೂ ಮೆಗಿದ್ದೋ ಕದನ. ಆ ಗೆಲುವಿನ ಒಂದು ಭಾಗವಾಗಿ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಹಿಡಿದವರು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್. ಬೈಬಲಿನ ಎಲೀಯನು ಬಾಳನೆಂಬ ದೇವರ ಪ್ರವಾದಿಗಳಿಗೆ ಸವಾಲು ಹಾಕಿದ ಕರ್ಮೆಲ್ ಬೆಟ್ಟ ಇದೆಯಲ್ಲ, ಅದರ ಮೇಲಿದ್ದ ಫಿರಂಗಿಗಳನ್ನು ಬಾಯಿಮುಚ್ಚಿಸಲು ಹತ್ತಿದವರು ನಮ್ಮ ಮೈಸೂರಿನ ಸವಾರರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಸ್ತಂಭ ಇದೆ, ಸುತ್ತ ಟ್ರಾಫಿಕ್ಕು. ಅಲ್ಲಿ ಹಾದುಹೋಗುವಾಗಲೆಲ್ಲ ಅನ್ನಿಸುತ್ತದೆ: ನಮ್ಮವರು ಹರ್ಮಗೆದೋನಿಗೆ ಹೋಗಿ, ಯುದ್ಧ ಮಾಡಿ, ಸಾಯದೆ ಉಳಿದವರು ವಾಪಸ್ಸು ಬಂದು ಪಿಂಚಣಿಯನ್ನೂ ತೆಗೆದುಕೊಂಡಿರಬೇಕು.

ಈಗ ನನಗೆ ನಿಜಕ್ಕೂ ಹೊಟ್ಟೆ ಉರಿಯುವ ವಿಷಯಕ್ಕೆ ಬರುತ್ತೇನೆ. ಆ ಬಟ್ಟೆಯ ನಕ್ಷೆಯಲ್ಲಿ ಯಹೂದಿಗಳಿಗೆ ಏನಿತ್ತು? ಈ ನಕ್ಷೆಯ ಮೂಲ 19ನೇ ಶತಮಾನದ ಬೋಧಕ ಜಾನ್ ನೆಲ್ಸನ್ ಡಾರ್ಬಿ. 1909ರಲ್ಲಿ ಬಂದ ಸ್ಕೋಫೀಲ್ಡ್‌ರ ಟಿಪ್ಪಣಿ ಸಹಿತ ಬೈಬಲ್ ಅದನ್ನು ಮನೆಮನೆಗೆ ಮುಟ್ಟಿಸಿತು. ಅಡಿಟಿಪ್ಪಣಿಯೇ ದೇವರ ವಾಕ್ಯ ಎಂದು ಜನ ಓದುವಷ್ಟು. ಅದರಂತೆ ಯಹೂದಿಗಳು ತಮ್ಮ ನೆಲಕ್ಕೆ ಮರಳಬೇಕು, ದೇವಾಲಯ ಕಟ್ಟಬೇಕು, ಕ್ರಿಸ್ತವಿರೋಧಿಯ ಕೈಗೆ ಸಿಕ್ಕಬೇಕು. ಆಮೇಲೆ ಜೆಕರ್ಯ 13ನೇ ಅಧ್ಯಾಯದಂತೆ ಮೂರರಲ್ಲಿ ಎರಡು ಪಾಲು ಜನ ಸಾಯಬೇಕು, ಉಳಿದ ಒಂದು ಪಾಲು ಯೇಸುವನ್ನು ಒಪ್ಪಿಕೊಳ್ಳಬೇಕು. ನಾವು ಮಾತ್ರ ಅಷ್ಟರಲ್ಲಿ ಬಾಣದ ಗುರುತು ಹಿಡಿದು ಮೇಲೆ ಹೋಗಿರುತ್ತೇವೆ. ಬೋಧಕರು ಆ ಎರಡು ಪಾಲನ್ನು ಬೆತ್ತದ ತುದಿಯಿಂದ ಮುಟ್ಟಿ ಮುಂದಿನ ಚೌಕಕ್ಕೆ ಹೋದರು. ಧ್ವನಿ ಕೂಡ ತಗ್ಗಲಿಲ್ಲ. "ಇಸ್ರೇಲನ್ನು ಪ್ರೀತಿಸಿರಿ" ಎಂಬ ಹಾಡಿನೊಂದಿಗೆ ಕೂಟ ಮುಗಿಯಿತು.

ಇದು ಎಂಥ ಪ್ರೀತಿ? ಹಬ್ಬದ ತನಕ ಕುರಿಗೆ ಸೊಪ್ಪು ಹಾಕುವ ಪ್ರೀತಿ.

ಯಹೂದಿಗಳೇ ಈ ವಿಷಯದಲ್ಲಿ ಏನಂದುಕೊಂಡಿದ್ದಾರೆ ಎಂದು ಆ ಮೂರು ದಿನದಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಒಂದಲ್ಲ, ಹತ್ತು ಉತ್ತರ ಬರುತ್ತಿತ್ತು. ಇಸ್ರೇಲ್ ರಾಷ್ಟ್ರಕ್ಕಾಗಿ ಮಾಡುವ ಪ್ರಾರ್ಥನೆಯಲ್ಲಿ ಅದನ್ನು 'ನಮ್ಮ ವಿಮೋಚನೆಯ ಮೊಳಕೆಯ ಆರಂಭ' ಎಂದು ಕರೆಯುವವರಿದ್ದಾರೆ. ದೇವರ ಕೆಲಸವನ್ನು ಮನುಷ್ಯರು ಅವಸರದಿಂದ ಕಸಿದುಕೊಂಡದ್ದೇ ಪಾಪ ಎನ್ನುವ ಸಾತ್ಮಾರ್ ಪಂಥದವರೂ ಇದ್ದಾರೆ. ದೇವರ ಗೊಡವೆಯೇ ಇಲ್ಲದೆ ಆ ದೇಶವನ್ನು ಕಟ್ಟಿದ ಸಮಾಜವಾದಿಗಳ ಮೊಮ್ಮಕ್ಕಳಿದ್ದಾರೆ. ಯಹೂದಿಗಳ ಪುರಾತನ ಧರ್ಮಗ್ರಂಥ ತಲ್ಮೂದ್ ಅಂತೂ ಕಡೇ ದಿನದ ಲೆಕ್ಕ ಹಾಕುವವರ ಎಲುಬು ಮುರಿಯಲಿ ಎಂದೇ ಶಪಿಸುತ್ತದೆ. ಸುಮ್ಮಸುಮ್ಮನೆ ಬಂದ ಶಾಪವಲ್ಲ, ಸುಟ್ಟುಕೊಂಡ ಕೈಯಿಂದ ಬಂದದ್ದು. 132ರಲ್ಲಿ ಬಾರ್ ಕೊಖ್ಬಾ ರೋಮಿನ ಮೇಲೆ ತಿರುಗಿಬಿದ್ದಾಗ ಮಹಾಪಂಡಿತ ಅಕೀವಾ ಇವನೇ ಮೆಸ್ಸೀಯ ಎಂದರು. "ಅಕೀವಾ, ನಿನ್ನ ಕೆನ್ನೆಯ ಮೇಲೆ ಹುಲ್ಲು ಬೆಳೆದರೂ ದಾವೀದನ ಮಗ ಬಂದಿರುವುದಿಲ್ಲ" ಎಂದು ಇನ್ನೊಬ್ಬ ರಬ್ಬಿ ಚುಚ್ಚಿದರಂತೆ. ಮೂರು ವರ್ಷದಲ್ಲಿ ಯೂದಾಯ ಸ್ಮಶಾನವಾಯಿತು.

1665ರಲ್ಲಿ ಶಬ್ಬತಾಯ್ ಝ್ವಿ ತಾನೇ ಮೆಸ್ಸೀಯ ಎಂದು ಹೊರಟಾಗ ಯುರೋಪಿನ ಯಹೂದಿಗಳು ಆಸ್ತಿ ಮಾರಿದರು. ಜರ್ಮನಿಯ ಒಬ್ಬ ವ್ಯಾಪಾರಿ ಮನೆತನದ ಹೆಂಗಸು ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾಳೆ: ಮಾವ ಮನೆ ಬಿಟ್ಟು ಹೊರಟು, ಹಡಗಿನ ಪ್ರಯಾಣಕ್ಕೆಂದು ಬಟಾಣಿ, ಬೀನ್ಸು, ಒಣಮಾಂಸ ತುಂಬಿದ ದೊಡ್ಡ ಪೀಪಾಯಿಗಳನ್ನು ಹ್ಯಾಂಬರ್ಗಿಗೆ ಕಳಿಸಿದ್ದ. ಅವು ಅಲ್ಲೇ ಕೂತವು. ಝ್ವಿ 1666ರಲ್ಲಿ ತುರ್ಕಿ ಸುಲ್ತಾನನ ಮುಂದೆ ಇಸ್ಲಾಮಿಗೆ ಸೇರಿದ. ಆ ಪೀಪಾಯಿ ಓದಿದಾಗ ನನಗೆ ಬಚ್ಚಲಿನ ಹಿಂದಿನ ಸಸಿಗಳು ಕಂಡವು.

ಇನ್ನು ನಕ್ಷೆಯಲ್ಲಿ ಚೌಕವೇ ಇಲ್ಲದವರು, ಪ್ಯಾಲೆಸ್ಟೈನಿನ ಜನ. 2023ರ ಅಕ್ಟೋಬರ್ 7ರಂದು ಹಮಾಸ್ ನೇತೃತ್ವದವರು ಇಸ್ರೇಲಿಗೆ ನುಗ್ಗಿ ಸುಮಾರು 1200 ಜನರನ್ನು ಕೊಂದು 251 ಜನರನ್ನು ಎಳೆದೊಯ್ದ ಸುದ್ದಿ ಬಂದಾಗ ನಮ್ಮ ಗ್ರೂಪಿನಲ್ಲಿ ಮೊದಲು ಬಂದದ್ದು ಸಂತಾಪವಲ್ಲ, ವಚನದ ಸಂಖ್ಯೆ. ಆಮೇಲೆ ಗಾಜಾದಲ್ಲಿ ಸಾವಿರ ಸಾವಿರ ಮಕ್ಕಳು ಸತ್ತಾಗಲೂ ವಚನದ ಸಂಖ್ಯೆಯೇ. ಅಕ್ಟೋಬರ್ 19ರಂದು ಅಲ್ಲಿನ ಸಂತ ಪೋರ್ಫಿರಿಯಸ್ ಚರ್ಚಿನ ಆವರಣದಲ್ಲಿ ಆಶ್ರಯ ಪಡೆದಿದ್ದ ಕ್ರೈಸ್ತರ ಮೇಲೆ ಕಟ್ಟಡ ಕುಸಿಯಿತು, ಇಸ್ರೇಲಿನ ವಾಯುದಾಳಿಗೆ. ನಾನು ಆ ಸುದ್ದಿ ಹಾಕಿದೆ. ಅದಕ್ಕೆ ಯಾರೂ ಕೈಮುಗಿಯಲಿಲ್ಲ. ಪ್ರವಾದಿ ಯೆರೆಮೀಯನ ಪುಸ್ತಕದ 7ನೇ ಅಧ್ಯಾಯ ತೆಗೆದು ನೋಡಿ. ಪರದೇಶಿಯನ್ನೂ ಅನಾಥರನ್ನೂ ವಿಧವೆಯನ್ನೂ ಹಿಂಸಿಸದಿದ್ದರೆ ಮಾತ್ರ ಈ ನೆಲದಲ್ಲಿ ನಿಮ್ಮನ್ನು ಇರಗೊಡುವೆನು ಎಂದು ಷರತ್ತು ಹಾಕಿದೆ. ಆ ಅಧ್ಯಾಯ ಯಾವ ವಿಡಿಯೋದಲ್ಲೂ ಬರುವುದಿಲ್ಲ.

ಯೆರೆಮೀಯ ಎಂದ ಕೂಡಲೇ ನನಗೆ ಇಡೀ ಬೈಬಲಿನಲ್ಲೇ ಅತ್ಯಂತ ಇಷ್ಟವಾದ ಪ್ರಸಂಗ, 32ನೇ ಅಧ್ಯಾಯ. ಬಾಬೆಲಿನವರು ಜೆರುಸಲೇಮಿಗೆ ಮುತ್ತಿಗೆ ಹಾಕಿದ್ದಾರೆ. ಊರು ಬೀಳುತ್ತದೆ ಎಂದು ಸಾರಿದ್ದಕ್ಕೇ ಯೆರೆಮೀಯ ಕಾವಲಿನಲ್ಲಿದ್ದಾನೆ. ಅಷ್ಟರಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ನಮ್ಮ ಹೊಲ ತಗೋ, ಹಕ್ಕು ನಿನ್ನದೇ ಅನ್ನುತ್ತಾನೆ. ಶತ್ರು ಸೈನ್ಯ ಡೇರೆ ಹಾಕಿರುವ ಸೀಮೆಯ ಹೊಲ! ದಾಯಾದಿಗಳು ಎಲ್ಲ ಕಾಲಕ್ಕೂ ದಾಯಾದಿಗಳೇ. ಯೆರೆಮೀಯ ಕೊಂಡುಕೊಳ್ಳುತ್ತಾನೆ. ಹದಿನೇಳು ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಕ್ರಯಪತ್ರಕ್ಕೆ ಸಾಕ್ಷಿ ಹಾಕಿಸುತ್ತಾನೆ. ಮುದ್ರೆ ಹಾಕಿದ ಪ್ರತಿ ಒಂದು, ತೆರೆದ ಪ್ರತಿ ಇನ್ನೊಂದು. ಎರಡನ್ನೂ ಮಣ್ಣಿನ ಮಡಕೆಯಲ್ಲಿಡು, ಬಹುಕಾಲ ಕೆಡದಿರಲಿ ಎಂದು ತನ್ನ ಲಿಪಿಕಾರ ಬಾರೂಕನಿಗೆ ಹೇಳುತ್ತಾನೆ. ಮನೆ, ಹೊಲ, ದ್ರಾಕ್ಷಿತೋಟಗಳನ್ನು ಈ ನಾಡಿನಲ್ಲಿ ಮತ್ತೆ ಕೊಳ್ಳುವರು. ಅವನ ಪ್ರವಾದನೆ ಅಷ್ಟೇ. ಮರುವರ್ಷ ಊರು ಬಿತ್ತು. ಅವನನ್ನು ಐಗುಪ್ತಕ್ಕೆ ಎಳೆದುಕೊಂಡು ಹೋದರು. ಆ ಹೊಲದಲ್ಲಿ ಅವನು ಒಂದು ಸಾಲು ಉತ್ತದ್ದು ಬೈಬಲಿನಲ್ಲಿ ಎಲ್ಲೂ ಇಲ್ಲ.

ಯಹೂದಿಗಳ ಮುಂದಿನ ದಿನ ಏನು ಎಂದು ನನ್ನನ್ನು ಕೇಳಿದರೆ ನಾನು ಪೌಲನ ಮೊರೆ ಹೋಗುತ್ತೇನೆ. ರೋಮಾಪುರದವರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ಅವನು ಅದನ್ನು ರಹಸ್ಯ ಎಂದ, ನಕ್ಷೆ ಬರೆಯಲಿಲ್ಲ. ಯಹೂದಿ ಮರಕ್ಕೆ ಕಸಿ ಕಟ್ಟಿದ ನಮ್ಮಂಥ ಕೊಂಬೆಗಳಿಗೆ, ಬೇರನ್ನು ನೀನು ಹೊತ್ತಿಲ್ಲ, ಬೇರು ನಿನ್ನನ್ನು ಹೊತ್ತಿದೆ ಎಂದು ಬೈದೂ ಹೇಳಿದ.

ಇಷ್ಟನ್ನೂ ಗ್ರೂಪಿನಲ್ಲಿ ಬರೆಯಲಿಲ್ಲ, ಜಗಳವಾಗುತ್ತದೆ. "ಅಣ್ಣಾ, ಯೆರೆಮೀಯ 32 ಒಮ್ಮೆ ಓದು" ಎಂದಷ್ಟೇ ಹಾಕಿದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು:

"ಆಮೆನ್. ನೀನು ಹೇಳಿದ್ದಕ್ಕೆ ನೆನಪಾಯ್ತು. ತೆಂಗಿನ ತೋಟದ ಆರ್‌ಟಿಸಿ ಇನ್ನೂ ಅಪ್ಪನ ಹೆಸರಲ್ಲೇ ಉಂಟು. ಮಕ್ಕಳ ಹೆಸರಿಗೆ ಮಾಡಿಸ್ಬೇಕು. ಮುಂದಿನ ವಾರ ಊರಿಗೆ ಬಂದ್ರೆ ತಾಲೂಕು ಆಫೀಸಿಗೆ ಒಟ್ಟಿಗೆ ಹೋಗುವನಾ?"