ಮಾಟಗಾತಿ ಕೊಟ್ಟ ಬ್ರೆಡ್

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಪಕ್ಕದ ಮನೆ ಅಜ್ಜಿ ವಿಕ್ಕಾ ಎಂಬ ಧರ್ಮದವರು. ಆಗಸ್ಟ್ 1 ಅವರಿಗೆ ಲಾಮಸ್, ಅಂದರೆ ಹೊಸ ಬೆಳೆಯ ಹಬ್ಬ. ಗೋಧಿ ತೆನೆಯ ಆಕಾರದಲ್ಲಿ ಬ್ರೆಡ್ ಸುಟ್ಟು ತಂದುಕೊಟ್ಟರು. ಅದೇ ಹೊತ್ತಿಗೆ ಸಾಗರದಿಂದ ದೊಡ್ಡಮ್ಮನ ವಿಡಿಯೋ ಕಾಲ್. ಅಜ್ಜಿಯ ಕೊರಳಲ್ಲಿದ್ದ ಐದು ಮೂಲೆ ನಕ್ಷತ್ರ ಕಂಡಿದ್ದೇ ತಡ, "ತಮ್ಮಾ, ಮಾಟಗಾತಿ ಕೊಟ್ಟಿದ್ದು ತಿನ್ನಬೇಡ, ಹಿತ್ತಲಲ್ಲಿ ಹೂತುಬಿಡು!" ರಾತ್ರಿಯೊಳಗೆ ಫ್ಯಾಮಿಲಿ ಗ್ರೂಪಿಗೆ ವಾಮಾಚಾರದ ವಿಡಿಯೋ ಹನ್ನೊಂದು ಬಂದವು. ಎಣಿಸಿದ್ದೇನೆ.

ನಮ್ಮವರಿಗೆ ವಿಕ್ಕಾ ಅಂದರೆ ಮಾಟ. ಮುಗೀತು. ಮುಂದೆ ಯಾರೂ ಕೇಳುವುದಿಲ್ಲ.

ನಾನಿರುವ ಇಂಗ್ಲೆಂಡಿನ ಸೌತಾಂಪ್ಟನ್ ಪಕ್ಕದಲ್ಲೇ ನ್ಯೂ ಫಾರೆಸ್ಟ್ ಕಾಡು. 1939ರಲ್ಲಿ ಆ ಸೀಮೆಯ ಮಾಟಗಾತಿಯರ ಹಳೇ ಗುಂಪೊಂದು ತನಗೆ ದೀಕ್ಷೆ ಕೊಟ್ಟಿತು ಎಂದು ಹೇಳಿಕೊಂಡವನು, ವಿಕ್ಕಾವನ್ನು ಜನರ ಮುಂದೆ ತಂದ ಜೆರಾಲ್ಡ್ ಗಾರ್ಡ್ನರ್. ಮಲಯಾದಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿದ್ದವನು! ಮಾಟ ಬಲ್ಲೆ ಅನ್ನುವವರನ್ನು ಶಿಕ್ಷಿಸುವ 1735ರ ಕಾನೂನು 1951ರಲ್ಲಿ ರದ್ದಾಯಿತು, 1954ರಲ್ಲಿ ಇದರ ಬಗ್ಗೆ ಅವನ ಪುಸ್ತಕ ಬಂತು. ಪೂಜೆಯ ಮಾತುಗಳನ್ನು ಚೆಂದ ಮಾಡಿ ಬರೆದುಕೊಟ್ಟಿದ್ದು ಡೋರೀನ್ ವ್ಯಾಲಿಯೆಂಟ್ ಎಂಬ ಹೆಂಗಸು. ಹೆಸರು ಮಾತ್ರ ಗಾರ್ಡ್ನರನಿಗೆ. ಇರಲಿ, ಅದು ಬೇರೆ ಜಗಳ.

ವಿಕ್ಕಾದವರಿಗೆ ಒಬ್ಬ ದೇವಿ, ಒಬ್ಬ ಕೊಂಬಿನ ದೇವರು. ಕೊಂಬು ಕಂಡ ಕೂಡಲೇ ಸೈತಾನ ಅನ್ನಬೇಡಿ, ಸೈತಾನ ಕ್ರೈಸ್ತರವನು, ಇವರ ಲೆಕ್ಕದಲ್ಲೇ ಇಲ್ಲ. ಹುಣ್ಣಿಮೆಗೆ ಕೂಡುತ್ತಾರೆ. ನೆಲದ ಮೇಲೆ ವೃತ್ತ ಹಾಕಿ ನಾಲ್ಕು ದಿಕ್ಕನ್ನೂ ಕರೆಯುತ್ತಾರೆ. ವರ್ಷಕ್ಕೆ ಎಂಟು ಹಬ್ಬ, ಎಲ್ಲವೂ ಬಿಸಿಲು, ಚಳಿ, ಬೆಳೆ ನೋಡಿಕೊಂಡು. ಯಾರಿಗೂ ಕೇಡಾಗದ ಹಾಗೆ ಏನು ಬೇಕಾದರೂ ಮಾಡು, ಇಷ್ಟೇ ಅವರ ನೀತಿ. ಮಾಡಿದ ಕೇಡು ಮೂರು ಪಟ್ಟಾಗಿ ವಾಪಸ್ ಬರುತ್ತದೆ ಅಂತಲೂ ಹಲವರು ನಂಬುತ್ತಾರೆ. ಇಂಥವರು ಮಾಟ ಮಾಡಿಸಿ ಬದುಕಿದ ಹಾಗೇ ಬಿಡಿ.

ಮಂತ್ರ ಹಾಕುವುದು ಇದೆ, ಸುಳ್ಳು ಯಾಕೆ ಹೇಳಲಿ. ಮೊಮ್ಮಗನ ಪರೀಕ್ಷೆಗೆ ಅಜ್ಜಿ ಹಸಿರು ಮೇಣದಬತ್ತಿ ಹಚ್ಚಿದ್ದರು. ನಾವು ಗಣಪತಿಗೆ ಕಾಯಿ ಹರಕೆ ಹೊರುವುದಿಲ್ವಾ?

"ಎಪ್ಪತ್ತು ವರ್ಷದ ಧರ್ಮ, ಸುಮ್ನೆ ಕಟ್ಟಿಕೊಂಡಿದ್ದು" ಅಂತ ಭಾವನ ಕಾಮೆಂಟು. ಹೌದು ಭಾವ. ರೊನಾಲ್ಡ್ ಹಟನ್ ಎಂಬ ಇತಿಹಾಸಕಾರರು ಇದನ್ನೇ ವಿವರವಾಗಿ ಬರೆದಿದ್ದಾರೆ, ವಿಕ್ಕಾದವರಲ್ಲೇ ಎಷ್ಟೋ ಜನ ಒಪ್ಪಿದ್ದಾರೆ. ಹೊಸದು ಅಂದಮಾತ್ರಕ್ಕೆ ಮಾಟ ಆಗಿಬಿಡುತ್ತಾ? 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 13,000 ಜನ ವಿಕ್ಕಾ ಅಂತ ಬರೆಸಿದ್ದಾರೆ. ಅಷ್ಟೂ ಜನ ನಿಂಬೆಹಣ್ಣು ಕೊಯ್ಯುತ್ತಾ ಕೂತಿದ್ದಾರಾ?

ನಿಂಬೆಹಣ್ಣು ಅಂದಾಗ ನೆನಪಾಯಿತು. ಈ ಮನೆಗೆ ಬಂದ ವಾರ, ಅಜ್ಜಿಯ ಬಾಗಿಲಲ್ಲಿ ಪೊರಕೆ ನೇತುಹಾಕಿದ್ದು ನೋಡಿ ನಾನೂ ಹೆದರಿದ್ದೆ. ಮರುದಿನವೇ ನಮ್ಮ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. "ಚೆನ್ನಾಗಿದೆ, ಏನಿದು?" ಅಂತ ಅಜ್ಜಿ ಕೇಳಿದರು. ಅಲಂಕಾರ ಅಂದೆ. ಯಾರು ಯಾರಿಗೆ ಮಾಟ ಮಾಡಿದ್ದು ಅಲ್ಲಿ?

ದೊಡ್ಡಮ್ಮನಿಗೆ ಇದನ್ನೆಲ್ಲ ಹೇಗೆ ಹೇಳಲಿ? ಭೂಮಿ ಹುಣ್ಣಿಮೆಗೆ ರಾತ್ರಿಯಿಡೀ ನಿದ್ದೆಗೆಟ್ಟು ಅಡುಗೆ ಮಾಡುವವರು ಅವರು. ಭತ್ತ ಹೊಡೆ ತುಂಬಿದೆ, ಬಸುರಿ ಗದ್ದೆಗೆ ಬಯಕೆಯೂಟ ಅಂತ. ನಸುಕಿನ ಕತ್ತಲಲ್ಲಿ ದೊಡ್ಡಪ್ಪ ಆ ಅಡುಗೆಯನ್ನು ಬೂಮಣ್ಣಿ ಬುಟ್ಟಿಯಲ್ಲಿ, ಅಂದರೆ ಚಿತ್ತಾರ ಬರೆದ ಬುಟ್ಟಿಯಲ್ಲಿ, ಹೊತ್ತು ಹೋಗಿ, ಕೂಗು ಹಾಕುತ್ತಾ ಗದ್ದೆಗೆ ಬೀರುತ್ತಾರೆ. ಇದನ್ನು ಅಜ್ಜಿಗೆ ಹೇಳಿದಾಗ ಅವರ ಕಣ್ಣು ತುಂಬಿತ್ತು. "ನಿಮ್ಮಲ್ಲಿ ಇನ್ನೂ ಉಳಿದಿದೆಯಾ?" ಅಂದಿದ್ದರು.

ಬ್ರೆಡ್ ಹೂಳಲಿಲ್ಲ. ಇವತ್ತು ಬೆಳಿಗ್ಗೆ ಜೋನಿಬೆಲ್ಲ ಸವರಿಕೊಂಡು ಪೂರ್ತಿ ತಿಂದೆ. ಬೆಲ್ಲ ಕಳಿಸಿದ್ದು ದೊಡ್ಡಮ್ಮನೇ.