ಮಂಡಿಪೇಟೆಯಲ್ಲೇ ಕೊಳ್ಳಿ, ಚೀಟಿ ಬರೆಸಿಕೊಳ್ಳಿ

ವಿದೇಶಕ್ಕೆ ಹೊರಡುವ ಹಿಂದಿನ ದಿನದ ಖರೀದಿ ಅಂದರೆ ತುಮಕೂರಿನವರೂ ಬೆಂಗಳೂರಿನ ಕಡೆಗೇ ಮುಖ ಮಾಡುತ್ತಾರೆ. 70 ಕಿಲೋಮೀಟರ್ ಹೋಗಿ, ನೆಲಮಂಗಲ ದಾಟಿದ ಮೇಲೆ ಟ್ರಾಫಿಕ್‌ನಲ್ಲಿ ಕೂತು, ಮಾಲ್ ಸುತ್ತಿ, ಸುಸ್ತಾಗಿ ರಾತ್ರಿ ವಾಪಸ್ ಬಂದು ಸೂಟ್‌ಕೇಸ್ ತುಂಬುತ್ತಾರೆ. ಇದರ ಅಗತ್ಯವೇ ಇಲ್ಲ ಅಂತ ನನ್ನ ಅನಿಸಿಕೆ. ನಾನು ಇರೋದು ಜರ್ಮನಿಯಲ್ಲಿ, ಊರು ತುಮಕೂರು. ಹೊರಡುವ ಮುಂಚಿನ ದಿನ ಮಂಡಿಪೇಟೆ, ಚಿಕ್ಕಪೇಟೆ, ಎಂ.ಜಿ. ರಸ್ತೆ ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ. ಇಲ್ಲಿನ ಅಂಗಡಿಯವರು ಸಾಮಾನು ಮಾರಿ ಕೈ ತೊಳೆದುಕೊಳ್ಳುವುದಿಲ್ಲ. ಅದು ಎಲ್ಲಿಗೆ ಹೋಗುತ್ತೆ, ಅಲ್ಲಿ ಕೆಲಸಕ್ಕೆ ಬರುತ್ತಾ ಅಂತ ಯೋಚಿಸುತ್ತಾರೆ.

ಪಾತ್ರೆ ಅಂಗಡಿಯನ್ನೇ ತಗೊಳ್ಳಿ. ನಮಗೆ ತಟ್ಟೆ ಇಡ್ಲಿ ಮಾಡುವ ಪಾತ್ರೆ ಬೇಕಿತ್ತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದವರಿಗೆ ಬೇರೆ ಇಡ್ಲಿ ಸಮಾಧಾನ ಕೊಡೋದಿಲ್ಲ. ಅಮ್ಮನೂ ಜೊತೆಗಿದ್ದರು. ಪಾತ್ರೆ ತೋರಿಸುವ ಮೊದಲೇ ಅಂಗಡಿಯವರು ಕೇಳಿದರು, "ಅಲ್ಲಿ ಯಾವ ಒಲೆ ಸ್ವಾಮಿ?" ಇಂಡಕ್ಷನ್ ಅಂದೆ. ಗಲ್ಲಾದ ಡ್ರಾಯರ್‌ನಿಂದ ಒಂದು ಮ್ಯಾಗ್ನೆಟ್ ತೆಗೆದರು. ಮೊದಲ ಪಾತ್ರೆ ಅಲ್ಯೂಮಿನಿಯಂ, ತಳಕ್ಕೆ ಹಿಡಿದರೆ ಮ್ಯಾಗ್ನೆಟ್ ಜಾರಿತು. ಎರಡನೆಯದು ಸ್ಟೀಲ್, ಫಳಫಳ ಹೊಳೆಯುತ್ತಿತ್ತು, ಬೆಲೆಯೂ ಜಾಸ್ತಿ. ಅದಕ್ಕೂ ಅಂಟಲಿಲ್ಲ. ಮೂರನೆಯದರ ತಳಕ್ಕೆ ಟಕ್ ಅಂತ ಹಿಡಿಯಿತು. "ಇದನ್ನ ತಗೊಂಡು ಹೋಗಿ" ಅಂದರು. ಸ್ಟೀಲ್ ಆದ ಮಾತ್ರಕ್ಕೆ ಇಂಡಕ್ಷನ್ ಮೇಲೆ ಕಾಯುವುದಿಲ್ಲ, ತಳಕ್ಕೆ ಮ್ಯಾಗ್ನೆಟ್ ಹಿಡಿಯಬೇಕು. ಎರಡನೆಯದನ್ನೇ ನಮಗೆ ಮಾರಬಹುದಿತ್ತು. ನಾಳೆ ವಿಮಾನ ಹತ್ತುವ ಗಿರಾಕಿ ವಾಪಸ್ ಬಂದು ಜಗಳ ಆಡ್ತಾನಾ? ಆದರೂ ಅದನ್ನು ಪಕ್ಕಕ್ಕಿಟ್ಟರು. ಜೊತೆಗೆ ಅಮ್ಮನಿಗೆ ನೆನಪಿಸಿದರು, "ಕುಕ್ಕರ್ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಎರಡೆರಡು ಜಾಸ್ತಿ ಕಳಿಸಿ ಅಮ್ಮ, ಆ ಕಡೆ ಹುಡುಕಾಡಬೇಕಾಗುತ್ತೆ."

ಮಿಕ್ಸಿ ವಿಚಾರ ನಾನೇ ಹೇಳುತ್ತೇನೆ. ಜರ್ಮನಿಯಲ್ಲೂ ನಮ್ಮ ಹಾಗೆ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬದಲಾಯಿಸಿದರೆ ಸಾಕು, ನಮ್ಮ ಮಿಕ್ಸಿ ಓಡುತ್ತೆ. ಅಮೆರಿಕಕ್ಕೆ ಹೋಗುವವರು ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ, ಅಲ್ಲಿ 120 ವೋಲ್ಟ್.

ಜರ್ಮನಿಯಲ್ಲಿ ನಿಮ್ಮ ಒಲೆ ಯಾವುದು ಅಂತ ಅಂಗಡಿಯವರು ಕೇಳಿದ್ದನ್ನು ನಾನು ಕಂಡಿಲ್ಲ. ಇಂಡಕ್ಷನ್‌ಗೆ ಆಗುವ ಪಾತ್ರೆಯ ತಳದಲ್ಲೇ ಸುರುಳಿಯ ಗುರುತು ಇರುತ್ತದೆ. ಅಂಗಡಿಯ ಕಪಾಟಿನ ಮೇಲೆ ಪೊಟ್ಟಣದ ಬೆಲೆಯ ಜೊತೆ ಕೆಜಿಗೆ, ಲೀಟರಿಗೆ ಎಷ್ಟು ಬೀಳುತ್ತೆ ಅಂತಲೂ ಬರೆದಿರಬೇಕು, ಅದು ಕಾನೂನು. ದೊಡ್ಡ ಪೊಟ್ಟಣ ನಿಜಕ್ಕೂ ಅಗ್ಗವಾ ಅಂತ ಅಲ್ಲೇ ಗೊತ್ತಾಗುತ್ತೆ. ತಿನ್ನುವ ಪದಾರ್ಥದಲ್ಲಿ 14 ಬಗೆಯ ಅಲರ್ಜಿ ವಸ್ತುಗಳಲ್ಲಿ ಯಾವುದಿದ್ದರೂ ಹೇಳಲೇಬೇಕು. ಭಾಷೆ ಸರಿಯಾಗಿ ಬಾರದ ದಿನಗಳಲ್ಲಿ ನಾನು ಆ ಚೀಟಿಗಳನ್ನು ನೋಡಿಕೊಂಡೇ ಸಂಸಾರ ನಡೆಸಿದವನು. ಯಾರ ಪರಿಚಯವೂ ಇಲ್ಲದವನಿಗೆ ಅವು ದೊಡ್ಡ ಆಸರೆ.

ಆದರೆ ಚೀಟಿ ತನ್ನಷ್ಟಕ್ಕೆ ತಾನು ಎಚ್ಚರಿಸುವುದಿಲ್ಲ. ಕೊಬ್ಬರಿ ವಿಷಯದಲ್ಲಿ ನಮ್ಮನ್ನು ಎಚ್ಚರಿಸಿದ್ದು ದಿನಸಿ ಅಂಗಡಿಯವರು. ತಿಪಟೂರು ಕೊಬ್ಬರಿ ನಮ್ಮ ಜಿಲ್ಲೆಯ ಹೆಮ್ಮೆ. ಅಮ್ಮ ಒಳ್ಳೆಯ ಉಂಡೆ ಕೊಬ್ಬರಿ ಆರಿಸಿ ತಕ್ಕಡಿಗೆ ಹಾಕಿಸುತ್ತಿದ್ದರು. "ಅಮ್ಮ, ಪ್ಲೇನಿಗೆ ಅಂದ್ರೆ ಕೊಬ್ಬರಿ ಬೇಡ, ಏರ್‌ಪೋರ್ಟ್‌ನಲ್ಲಿ ತೆಗೆಸ್ತಾರೆ" ಅಂತ ಅವರೇ ವಾಪಸ್ ಮೂಟೆಗೆ ಹಾಕಿದರು. ಅವರು ಹೇಳಿದ್ದು ಸರಿ. ಒಣ ಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಗುಂಪಿಗೆ ವಿಮಾನಯಾನದವರು ಅದನ್ನು ಸೇರಿಸಿದ್ದಾರೆ. ಕೈಚೀಲಕ್ಕೂ ಇಲ್ಲ, ಚೆಕ್-ಇನ್ ಸಾಮಾನಿಗೂ ಇಲ್ಲ. ಅಮ್ಮನಿಗೆ ಬೇಜಾರಾಯಿತು, ನಮ್ಮ ಕೊಬ್ಬರಿಗೇ ಹೀಗಾ ಅಂತ. ಆ ತೂಕಕ್ಕೆ ಹುಣಸೆಹಣ್ಣು ಹಾಕಿಸಿಕೊಂಡೆವು. ಹುಣಸೆಗೂ ತುಮಕೂರು ಮಾರುಕಟ್ಟೆ ಹೆಸರುವಾಸಿ ಅಲ್ವಾ? "ಎಷ್ಟು ತಿಂಗಳು ಇಡ್ತೀರಿ?" ಅಂತ ಕೇಳಿ, ಬೀಜ ನಾರು ತೆಗೆದಿದ್ದನ್ನೇ ಕೊಟ್ಟು, ಉಪ್ಪು ಬೆರೆಸಿ ಇಡಿ ಅಂದರು.

ಎಂ.ಜಿ. ರಸ್ತೆಯ ಬಟ್ಟೆ ಖರೀದಿ ಬೇಗ ಮುಗಿಯಿತು. ಬ್ಲೌಸ್ ಹೊಲಿಯುವವರು ನಾಳೆ ಪ್ರಯಾಣ ಅಂದ ತಕ್ಷಣ ಕೈಯಲ್ಲಿದ್ದ ಕೆಲಸ ಬದಿಗಿಟ್ಟು ಸಾಯಂಕಾಲಕ್ಕೆ ಕೊಟ್ಟರು. ಇದು ನನ್ನ ಜರ್ಮನಿಯಲ್ಲಿ ಆಗುವ ಮಾತಲ್ಲ.

ನನ್ನ ತಕರಾರು ಇರೋದು ಪುಡಿ ಅಂಗಡಿಯ ಹತ್ತಿರ. ತಕರಾರು ಅನ್ನೋದಕ್ಕಿಂತ ಬೇಡಿಕೆ ಅನ್ನಿ. ಚಟ್ನಿ ಪುಡಿ, ಹುಚ್ಚೆಳ್ಳು ಪುಡಿ, ಸಾರಿನ ಪುಡಿ, ಹುಳಿ ಪುಡಿ ಎಲ್ಲ ನಿನ್ನೆ ಮೊನ್ನೆ ಕುಟ್ಟಿದ್ದು. ಕಣ್ಣೆದುರೇ ತೂಗಿ, ಡಬಲ್ ಕವರ್ ಹಾಕಿ, ಮೇಣದಬತ್ತಿಯಲ್ಲಿ ಬಾಯಿ ಅಂಟಿಸಿ ಕೊಡುತ್ತಾರೆ. ಘಮ ಅಂದರೆ ಘಮ. ಆದರೆ ಕವರ್ ಮೇಲೆ ಒಂದಕ್ಷರ ಇರುವುದಿಲ್ಲ.

ಜರ್ಮನಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಗೆ ಕಡಲೆಕಾಯಿ ಅಲರ್ಜಿ. ನನ್ನ ಮಗಳ ಗೆಳತಿ, ದೋಸೆ ಅಂದರೆ ಓಡಿ ಬರುತ್ತಾಳೆ. ಒಂದು ಸಂಜೆ ದೋಸೆಯ ಜೊತೆ ಚಟ್ನಿ ಪುಡಿಯೂ ಬೇಕು ಅಂದಳು. ನನ್ನ ಹೆಂಡತಿ ಕವರ್ ತಿರುಗಿಸಿ ನೋಡಿದಳು. ಕೆಂಪಗಿದೆ, ಬೆಳ್ಳುಳ್ಳಿ ವಾಸನೆ ಇದೆ. ಕಡಲೆಬೇಳೆಯಾ, ಕಡಲೆಕಾಯಿ ಬೀಜವಾ? ಫೋನ್ ಮಾಡಿ ಕೇಳೋಣ ಅಂದರೆ ತುಮಕೂರಿನಲ್ಲಿ ನಡುರಾತ್ರಿ. ಆ ಮಗುವಿಗೆ ಬರೀ ಸಕ್ಕರೆ ಹಾಕಿ ಕೊಟ್ಟೆವು. ನಮ್ಮ ಊರಿನ ರುಚಿ ಬೇಕು ಅಂತ ಬಾಯಿಬಿಟ್ಟು ಕೇಳಿದ ಮಗುವಿಗೆ ಕೊಡಲು ಆಗಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಬೇಸರ. ಕಡಲೆಕಾಯಿ, ಎಳ್ಳು, ಸಾಸಿವೆ ಮೂರೂ ಯುರೋಪಿನ ಆ 14ರ ಪಟ್ಟಿಯಲ್ಲಿವೆ. ಮೂರೂ ನಮ್ಮ ದಿನದ ಅಡುಗೆಯವು.

ಆ ಅಂಗಡಿಯ ಅಮ್ಮನನ್ನು ಎದುರಿಗೆ ಕೇಳಿದರೆ ಯಾವುದಕ್ಕೆ ಏನು, ಎಷ್ಟು ಅಂತ ಪಟಪಟ ಹೇಳುತ್ತಾರೆ. ಅವರ ಮಾತನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ. ಆದರೆ ಆ ಮಾತು ತುಮಕೂರು ಬಿಟ್ಟು ನನ್ನ ಜೊತೆ ಬರುವುದಿಲ್ಲ. ಕಸ್ಟಮ್ಸ್‌ನವರು ಪೆಟ್ಟಿಗೆ ತೆಗೆಸಿ ಇದೇನು ಅಂತ ಕೇಳಿದಾಗ, ಹೆಸರಿಲ್ಲದ ಕಪ್ಪು ಪುಡಿ ಹಿಡಿದು ನಿಂತವನು ನಾನು. ಮೊದಲೇ ಪ್ಯಾಕ್ ಮಾಡಿ ಮಾರುವ ತಿನಿಸಿಗೆ ನಮ್ಮಲ್ಲೂ ಕಾನೂನಿದೆ. ಏನೇನು ಹಾಕಿದೆ, ಯಾವತ್ತು ತಯಾರಾಯಿತು, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಲೈಸೆನ್ಸ್ ನಂಬರ್ ಎಲ್ಲ ಬರೆಯಬೇಕು. ನಾವು ಆಸೆಪಟ್ಟು ಕೊಳ್ಳುವುದು ಮಾತ್ರ ಎದುರಿಗೇ ತೂಗಿ ಕೊಡುವ ಈ ತಾಜಾ ಪುಡಿಯನ್ನೇ.

ಯುರೋಪಿಗೆ ಹೊರಟವರು ಇನ್ನೊಂದು ಗಮನಿಸಿ. ಈ ನಿಯಮಗಳನ್ನು ತುಮಕೂರಿನ ಅಂಗಡಿಯವರು ತಿಳಿದಿರಬೇಕು ಅನ್ನುವುದು ನ್ಯಾಯವಲ್ಲ, ನಾವೇ ನೋಡಿಕೊಳ್ಳಬೇಕು. ಐರೋಪ್ಯ ಒಕ್ಕೂಟಕ್ಕೆ ನಮ್ಮ ದೇಶದಿಂದ ಹಾಲಿನ ಮತ್ತು ಮಾಂಸದ ಪದಾರ್ಥ ಒಯ್ಯುವ ಹಾಗಿಲ್ಲ. ಅಂದರೆ ಮನೆಯ ತುಪ್ಪವೂ ಇಲ್ಲ, ಖೋವಾವೂ ಇಲ್ಲ. 2019ರ ಡಿಸೆಂಬರ್‌ನಿಂದ ಹಸಿ ಸೊಪ್ಪು, ಹಣ್ಣಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಕರಿಬೇವು, ಚೇಳೂರಿನ ಹಲಸಿನ ತೊಳೆ ಎಲ್ಲ ಇಲ್ಲೇ ಬಿಡಬೇಕು. ಅನಾನಸ್, ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಡ್ಯೂರಿಯನ್ ಈ ಐದಕ್ಕೆ ಮಾತ್ರ ಆ ಪತ್ರ ಬೇಡ. ಹಾಗಂತ ಕಾಯಿ ಒಯ್ಯುವ ಮುಂಚೆ ನಿಮ್ಮ ಏರ್‌ಲೈನ್‌ನವರನ್ನು ಕೇಳಿ. ವಿಮಾನದ ನಿಯಮ ಬೇರೆ, ದೇಶದ ನಿಯಮ ಬೇರೆ.

ಮರುದಿನ ಏರ್‌ಪೋರ್ಟಿಗೂ ಬೆಂಗಳೂರು ನಗರದೊಳಗೆ ಹೋಗಬೇಕಿಲ್ಲ. ಡಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಆಯಿತು.

ಈ ಸಲ ದಿನಸಿ ಅಂಗಡಿಯಲ್ಲಿ ಎಲ್ಲ ಸಾಮಾನನ್ನೂ ಒಂದೇ ಡಬ್ಬಕ್ಕೆ ತುಂಬಿಸಿ, ಅವರದೇ ತಕ್ಕಡಿಯಲ್ಲಿ ತೂಗಿಸಿದೆ. ನನ್ನ ಟಿಕೆಟ್‌ಗೆ ಇರುವುದು 23 ಕೆಜಿಯ ಮಿತಿ. ಅಂಗಡಿಯ ಹುಡುಗ ಡಬ್ಬದ ಮೇಲೆ ದಪ್ಪ ಮಾರ್ಕರ್‌ನಲ್ಲಿ ತೂಕ ಬರೆದ. ಆ ಮಾರ್ಕರ್ ಇಸ್ಕೊಂಡು ಪುಡಿ ಅಂಗಡಿಗೆ ಹೋದೆ. ಪ್ರತಿ ಕವರ್ ಮೇಲೆ ಪುಡಿಯ ಹೆಸರು, ಏನೇನು ಹಾಕಿದೆ, ಯಾವತ್ತು ಕುಟ್ಟಿದ್ದು, ಇಷ್ಟು ಬೇಕು ಅಂದೆ. ಆ ಅಮ್ಮ ಹೇಳುತ್ತಾ ಹೋದರು, ಅವರ ಮಗಳು ಕನ್ನಡದಲ್ಲಿ ಒಂದು ಸಾಲು, ಇಂಗ್ಲಿಷ್‌ನಲ್ಲಿ ಒಂದು ಸಾಲು ಬರೆದಳು. ಐದು ನಿಮಿಷದ ಕೆಲಸ. "ಇದುವರೆಗೂ ಯಾರೂ ಕೇಳಿರಲಿಲ್ಲ, ಕೇಳಿದ್ರೆ ಬರೆದುಕೊಡಕ್ಕೇನು" ಅಂದರು. ಹೊರಡುವವರೆಲ್ಲ ಕೇಳಿ. ನಾಲ್ಕು ಜನ ಕೇಳಿದರೆ ಐದನೆಯವರಿಗೆ ಅವರೇ ಬರೆದುಕೊಡುತ್ತಾರೆ.